ಎಡಗಡೆ ಸೀಟಿಗೆ ಕಾದ ವರ್ಷಗಳು: ಒಬ್ಬ ಪೈಲಟ್‌ನ ಅನುಭವದ ಪಾಠಗಳು

ಜಕ್ಕೂರಿನ ಏರೋಡ್ರೋಮಿನಲ್ಲಿ ಹಾರಾಟದ ಅಕ್ಷರಾಭ್ಯಾಸ ಮಾಡಿ ಅಮೆರಿಕಕ್ಕೆ ಬಂದೆ. ಸಣ್ಣ ಊರುಗಳ ನಡುವೆ ಓಡಾಡುವ ಪ್ರಾದೇಶಿಕ ವಿಮಾನಗಳಲ್ಲಿ ವರ್ಷಗಟ್ಟಲೆ ದುಡಿದು, 2007ರ ಬೇಸಿಗೆಯಲ್ಲಿ ಒಂದು ದೊಡ್ಡ ಏರ್‌ಲೈನ್ ಸೇರಿದೆ. ಆಗ ನನಗೆ 33 ವರ್ಷ. ಎಡಗಡೆ ಸೀಟು, ಅಂದರೆ ಕ್ಯಾಪ್ಟನ್ ಸೀಟು, ಆರು ವರ್ಷದಲ್ಲಿ ಸಿಗುತ್ತದೆಂದು ಲೆಕ್ಕ ಹಾಕಿದ್ದೆ. ಸಿಕ್ಕಿದ್ದು 2018ರಲ್ಲಿ. ಈ ನಡುವೆ ನಾನು ಯಾವ ಪರೀಕ್ಷೆಯಲ್ಲೂ ಸೋತಿರಲಿಲ್ಲ. ಮೇಲಿನವರು ನಿವೃತ್ತರಾಗುವುದು ಐದು ವರ್ಷ ನಿಂತುಹೋಗಿತ್ತು, ಅದೇ ಹೊತ್ತಿಗೆ ಆರ್ಥಿಕ ಕುಸಿತವೂ ಬಂದೆರಗಿತ್ತು. ಪೈಲಟ್‌ಗಳ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿ ಎಂಬ ಮಾತು ಈಚೆಗೆ ಮತ್ತೆ ಎದ್ದಿದೆ. ಸೀನಿಯಾರಿಟಿ ಪಟ್ಟಿಯ ಬುಡದಲ್ಲೂ ನಿಂತು, ಈಗ ಮೇಲ್ಭಾಗಕ್ಕೂ ಬಂದವನಾಗಿ, ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಈ ವೃತ್ತಿಯಲ್ಲಿ ಎಲ್ಲವನ್ನೂ ನಿರ್ಧರಿಸುವುದು ನೀವು ಸೇರಿದ ತಾರೀಖು

ಅಮೆರಿಕದ ಏರ್‌ಲೈನ್‌ಗಳಲ್ಲಿ ಪ್ರತಿ ಪೈಲಟ್‌ಗೂ ಒಂದು ಸೀನಿಯಾರಿಟಿ ನಂಬರ್ ಇರುತ್ತದೆ. ಯಾವ ವಿಮಾನ, ಯಾವ ಊರು, ಯಾವ ಸೀಟು, ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲವೂ ಆ ನಂಬರಿನ ಮೇಲೆ ನಿಂತಿದೆ. ಮೇಲಿನವರು ಆರಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ಬೇರೆ ಕಂಪನಿಗೆ ಹೋದರೆ ಹತ್ತು ಸಾವಿರ ಗಂಟೆ ಹಾರಿದ ಅನುಭವವಿದ್ದರೂ ಪಟ್ಟಿಯ ಕೊನೆಯಿಂದಲೇ ಶುರು ಮಾಡಬೇಕು. ಒಬ್ಬ ಇಂಜಿನಿಯರ್ ಇಲ್ಲಿ ಬಡ್ತಿ ಸಿಗದಿದ್ದರೆ ಇನ್ನೊಂದು ಕಡೆ ಮ್ಯಾನೇಜರ್ ಆಗಿ ಸೇರಬಹುದು. ನಮಗೆ ಆ ದಾರಿ ಇಲ್ಲ. ಆದ್ದರಿಂದಲೇ ಮೇಲಿನವರ ನಿವೃತ್ತಿ ನಮ್ಮ ಪಾಲಿಗೆ ಅಷ್ಟು ದೊಡ್ಡ ವಿಷಯ.

2. ಮೇಲೆ ಒಬ್ಬರು ಕದಲಿದರೆ ಕೆಳಗೆ ಸಾಲುಸಾಲಾಗಿ ಕದಲುತ್ತದೆ

ಒಬ್ಬ ಬೋಯಿಂಗ್ 777 ಕ್ಯಾಪ್ಟನ್ ನಿವೃತ್ತರಾದರು ಎನ್ನಿ. ಆ ಸೀಟಿಗೆ 737ರ ಕ್ಯಾಪ್ಟನ್ ಹೋಗುತ್ತಾರೆ. ಅವರ ಜಾಗಕ್ಕೆ ಒಬ್ಬ ಫಸ್ಟ್ ಆಫೀಸರ್, ಅಂದರೆ ಬಲಗಡೆ ಕೂರುವ ಸಹ-ಪೈಲಟ್, ಬಡ್ತಿ ಪಡೆಯುತ್ತಾರೆ. ಖಾಲಿಯಾದ ಬಲಗಡೆ ಸೀಟಿಗೆ ಪ್ರಾದೇಶಿಕ ಏರ್‌ಲೈನ್‌ನಿಂದ ಒಬ್ಬ ಕ್ಯಾಪ್ಟನ್ ಬರುತ್ತಾರೆ. ಅಲ್ಲಿ ಇನ್ನೊಬ್ಬರಿಗೆ ಬಡ್ತಿ, ಅದಕ್ಕೂ ಕೆಳಗೆ ಫ್ಲೈಯಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಹುಡುಗಿಗೆ ಮೊದಲ ಕೆಲಸ.

ನಮ್ಮ ತಾತನ ಗದ್ದೆ ಮಂಡ್ಯದ ಕಡೆ, ಕಾಲುವೆಯ ಕೊನೆಯಲ್ಲಿತ್ತು. ತೂಬು ಮುಚ್ಚಿದರೆ ಮೇಲಿನವರ ಗದ್ದೆಯಲ್ಲಿ ಇನ್ನೂ ನೀರು ನಿಂತಿರುತ್ತಿತ್ತು, ನಮ್ಮದರಲ್ಲಿ ನೆಲ ಬಿರುಕು ಬಿಡುತ್ತಿತ್ತು. ಸೀನಿಯಾರಿಟಿ ಪಟ್ಟಿಯನ್ನು ನಾನು ಅರ್ಥ ಮಾಡಿಕೊಂಡದ್ದು ಆ ಗದ್ದೆಯಿಂದ.

3. ಒಂದು ಸಹಿ ಒಂದೇ ದಿನದಲ್ಲಿ ಐದು ವರ್ಷ ಹಿಂದಕ್ಕೆ ತಳ್ಳಬಲ್ಲದು

1960ರಿಂದ ಅಮೆರಿಕದ ಏರ್‌ಲೈನ್ ಪೈಲಟ್‌ಗಳಿಗೆ 60 ತುಂಬಿದ ದಿನವೇ ಕೊನೆಯ ದಿನವಾಗಿತ್ತು. ಹೆಚ್ಚುಕಡಿಮೆ ಅರ್ಧ ಶತಮಾನ ಕದಲದ ನಿಯಮ ಅದು. ಅದನ್ನು ನಂಬಿಯೇ ನಾನು ಸಾಲ ಮಾಡಿದ್ದೆ, ಮನೆ ಕೊಂಡಿದ್ದೆ.

2007ರ ಡಿಸೆಂಬರ್ 13ರ ಸಂಜೆ ಕ್ರೂ ರೂಮಿನಲ್ಲಿ ಫ್ಲೈಟ್ ಪ್ಲಾನ್ ಹೊರಬರುತ್ತಿದ್ದ ಪ್ರಿಂಟರ್ ಪಕ್ಕ ನಿಂತಿದ್ದೆ. ಅಂದು ನನ್ನ ಜೊತೆ ಹಾರಬೇಕಿದ್ದ ಕ್ಯಾಪ್ಟನ್‌ಗೆ ಮಾರ್ಚ್‌ನಲ್ಲಿ 60 ತುಂಬಬೇಕಿತ್ತು. ಕೊನೆಯ ಹಾರಾಟಕ್ಕೆ ಹೆಂಡತಿ, ಮಕ್ಕಳು ಜೊತೆಗೆ ಬರುವ ಏರ್ಪಾಡೂ ಆಗಿತ್ತು. ಅವರಿಗೊಂದು ಫೋನ್ ಬಂತು. ಕೇಳಿಸಿಕೊಂಡು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. "ಅಧ್ಯಕ್ಷರು ಸಹಿ ಹಾಕಿದರಂತೆ. ಇನ್ನು ಐದು ವರ್ಷ" ಎಂದರು. ಕಣ್ಣು ಒದ್ದೆಯಾಗಿತ್ತು. ನಾನು ಕೈಕುಲುಕಿದೆ. ಅವರಿಗಾಗಿ ಸಂತೋಷವೇ ಆಯಿತು.

ಆ ರಾತ್ರಿ ಹೋಟೆಲ್ ಕೋಣೆಯಲ್ಲಿ ಸೀನಿಯಾರಿಟಿ ಪಟ್ಟಿ ತೆಗೆದು ಹಾಸಿಗೆಯ ಮೇಲೆ ಹರಡಿದೆ. ಮುಂದಿನ ಐದು ವರ್ಷದಲ್ಲಿ 60 ತುಂಬುವವರ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೆ. ಒಂದೊಂದೇ ಗುರುತನ್ನು ಅಳಿಸುತ್ತಾ ಹೋದೆ. ಹಾಳೆಯ ಅಂಚೆಲ್ಲ ರಬ್ಬರಿನ ಪುಡಿ.

ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ ಆ ಕಾಯಿದೆ ಕ್ರೂರವಾದದ್ದು ನಮಗಷ್ಟೇ ಅಲ್ಲ. ಅದಕ್ಕೂ ಕೆಲವೇ ದಿನ ಮೊದಲು 60 ತುಂಬಿ ಹೊರಹೋದವರು ತಮ್ಮ ಹಳೆಯ ಸೀನಿಯಾರಿಟಿಗೆ ಮರಳುವಂತಿರಲಿಲ್ಲ. ತಾರೀಖಿನ ಈಚೆ ಬದಿಗಿದ್ದವರಿಗೆ ಐದು ವರ್ಷ, ಆಚೆ ಬದಿಗಿದ್ದವರಿಗೆ ಸೊನ್ನೆ.

4. ಕಾದ ವರ್ಷಗಳ ನಷ್ಟ ಸಂಬಳದ ಚೀಟಿಯಲ್ಲಿ ಮುಗಿಯುವುದಿಲ್ಲ

2008ರಲ್ಲಿ ಮೊದಲು ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು, ಆಮೇಲೆ ಬ್ಯಾಂಕುಗಳು ಕುಸಿದವು. ಏರ್‌ಲೈನ್‌ಗಳು ವಿಮಾನಗಳನ್ನು ನಿಲ್ಲಿಸಿದವು. ನಿವೃತ್ತಿಗಳು ಮೊದಲಿನಂತೆ ನಡೆಯುತ್ತಿದ್ದರೆ ಆ ಕಡಿತದಲ್ಲಿ ಒಂದಷ್ಟು ಪಾಲು ಹಾಗೆಯೇ ಸರಿಹೋಗುತ್ತಿತ್ತು. ಅವು ನಿಂತಿದ್ದರಿಂದ ಕತ್ತರಿ ನೇರವಾಗಿ ಪಟ್ಟಿಯ ಬುಡಕ್ಕೆ ಬಿತ್ತು. ಆ ವರ್ಷದ ಕೊನೆಗೆ ನನಗೆ ಫರ್ಲೋ ಪತ್ರ ಬಂತು: ಕೆಲಸ ಇಲ್ಲ, ಸಂಬಳ ಇಲ್ಲ, ಕರೆದಾಗ ಬರಬೇಕು. ನಾಲ್ಕು ವರ್ಷ ಸಿಮ್ಯುಲೇಟರ್‌ನಲ್ಲಿ ರಾತ್ರಿ ಪಾಳಿಯಲ್ಲಿ ಪಾಠ ಹೇಳಿದೆ. ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ಹೊಸ ನಿಯಮದಡಿ 65 ತುಂಬಿದ ಮೊದಲ ತಂಡ 2012ರ ಡಿಸೆಂಬರ್‌ನಿಂದ ಹೊರಡತೊಡಗಿತು. 2013ರ ಜನವರಿಯಲ್ಲಿ ನನಗೆ ಮತ್ತೆ ಕರೆ ಬಂತು.

ಫಸ್ಟ್ ಆಫೀಸರ್ ಸಂಬಳ ಕ್ಯಾಪ್ಟನ್ ಸಂಬಳದ ಸುಮಾರು ಮೂರನೇ ಎರಡು ಭಾಗ. ನಿವೃತ್ತಿ ಖಾತೆಗೆ ಕಂಪನಿ ಹಾಕುವ ಹಣವೂ ಸಂಬಳದ ಶೇಕಡಾ ಲೆಕ್ಕದ್ದು. ಮೂವತ್ತೈದರಲ್ಲಿ ಹಾಕದ ಒಂದು ಡಾಲರ್ ಅರವತ್ತೈದಕ್ಕೆ ಎಷ್ಟಾಗಿ ಬೆಳೆಯುತ್ತಿತ್ತೋ ಅಷ್ಟೂ ನಷ್ಟವೇ. "ನೀವೂ ಮುಂದೆ ಐದು ವರ್ಷ ಹೆಚ್ಚು ದುಡಿಯುತ್ತೀರಲ್ಲ" ಎಂದು ಹೇಳುವವರಿದ್ದಾರೆ. ಪೈಲಟ್‌ಗೆ 40 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ಇದೆ. ಅರವತ್ತರ ನಂತರದ ಐದು ವರ್ಷ ಸಿಕ್ಕರೆ ಸಿಕ್ಕಿತು. ಮೂವತ್ತೈದರ ಐದು ವರ್ಷ ಕೈಯಲ್ಲೇ ಇತ್ತು. ಮಗಳು ಮಾತು ಕಲಿತ ವರ್ಷಗಳಲ್ಲಿ ನಾನು ರಾತ್ರಿಯೆಲ್ಲ ದುಡಿದು ಹಗಲು ನಿದ್ದೆ ಮಾಡುತ್ತಿದ್ದೆ. ಅವುಗಳನ್ನು ಯಾವ ಒಪ್ಪಂದವೂ ಮರಳಿಸುವುದಿಲ್ಲ.

5. ಹಿರಿಯರನ್ನು ಶತ್ರುವೆಂದು ಎಣಿಸಬೇಡಿ

ಅವರು ದುರಾಸೆಯಿಂದ ಉಳಿದವರಲ್ಲ. 2001ರ ದಾಳಿಯ ನಂತರ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿದ ಕೆಲವು ಏರ್‌ಲೈನ್‌ಗಳು ಪೈಲಟ್‌ಗಳ ಪಿಂಚಣಿಯನ್ನೇ ಕೈಬಿಟ್ಟಿದ್ದವು. 2009ರ ಜನವರಿಯಲ್ಲಿ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಅವರಿಗೆ ಆಗ 58ರ ಹತ್ತಿರ ವಯಸ್ಸು. ಮುಂದಿನ ತಿಂಗಳು ಅಮೆರಿಕದ ಸಂಸತ್ತಿನ ಮುಂದೆ ಕೂತು, ತಮ್ಮ ಸಂಬಳ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿ ಹೋಗಿದೆ ಎಂದು ಅವರು ಹೇಳಿದರು. ಮೂವತ್ತು ವರ್ಷ ದುಡಿದು ಬರಿಗೈಯಾದವರು ಇನ್ನೈದು ವರ್ಷ ಕೇಳಿದ್ದರಲ್ಲಿ ತಪ್ಪು ಹುಡುಕಲಾರೆ. ಅವರು ಕಳೆದುಕೊಂಡದ್ದನ್ನು ತುಂಬಬೇಕಾದವರು ಬೇರೆ ಇದ್ದರು. ಆದರೆ ತುಂಬಿಸಿದ್ದು ನಮ್ಮ ವರ್ಷಗಳಿಂದ. ಸಿಟ್ಟು ಬಂದರೆ ಅದು ಆ ಏರ್ಪಾಡಿನ ಮೇಲಿರಲಿ, ಪಕ್ಕದ ಸೀಟಿನವರ ಮೇಲೆ ಬೇಡ. ಬಿರುಗಾಳಿಯಲ್ಲಿ ಇಳಿಯುವುದನ್ನು ನನಗೆ ಕಲಿಸಿದವರು ಅವರೇ.

6. ಏಣಿಯ ಕೆಳಗಿನ ಮೆಟ್ಟಿಲು ಸವೆಯಲು ಬಿಡಬಾರದು

2009ರ ಫೆಬ್ರವರಿ 12ರಂದು ಬಫಲೋ ಬಳಿ ಒಂದು ಪ್ರಾದೇಶಿಕ ವಿಮಾನ ಬಿದ್ದು 50 ಜನ ಸತ್ತರು. ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ, ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು ಅಪಘಾತಕ್ಕೆ ಕಾರಣ ಎಂದು ತನಿಖೆ ಹೇಳಿತು. ಆದರೆ ವಿಚಾರಣೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. 24 ವರ್ಷದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ದೇಶದ ಇನ್ನೊಂದು ತುದಿಗೆ ಸರಕು ವಿಮಾನದಲ್ಲಿ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಅವರ ಸಂಬಳ ಎಷ್ಟು ಅಲ್ಪವೆಂದು ಕೇಳಿ ಇಡೀ ದೇಶ ಬೆಚ್ಚಿತು. ಮೇಲಕ್ಕೆ ಹೋಗುವ ದಾರಿ ತೆರೆದಿದ್ದರೆ ಬುಡದ ಕಷ್ಟ ಎರಡು ಮೂರು ವರ್ಷದ್ದು. ಅದು ಮುಚ್ಚಿದರೆ ಆ ಬಳಲಿಕೆ, ಆ ಸಂಬಳ ಅಲ್ಲೇ ಬೇರುಬಿಡುತ್ತವೆ. ಆ ವರ್ಷಗಳಲ್ಲಿ ನನ್ನ ಪರಿಚಯದ ಎಷ್ಟೋ ಮಂದಿ ಈ ವೃತ್ತಿಯನ್ನೇ ಬಿಟ್ಟರು.

7. ಸೇರುವ ಮುಂಚೆ ಕಂಪನಿ ಬೆಳೆಯುತ್ತಿದೆಯೇ ಎಂದು ನೋಡಿ

ಬೆಂಗಳೂರಿನಿಂದ ಹುಡುಗರು ಫೋನ್ ಮಾಡಿ ಕೇಳುತ್ತಾರೆ: "ಅಣ್ಣಾ, ಭಾರತದಲ್ಲೂ 65ರ ತನಕ ಹಾರಬಹುದಲ್ಲ, ನಮಗೂ ಹೀಗೇ ಆಗುತ್ತಾ?" ನಾನು ಹೇಳುವುದಿಷ್ಟು. ಸೀಟು ಹುಟ್ಟುವುದು ಎರಡೇ ದಾರಿಯಲ್ಲಿ, ಒಬ್ಬರು ಹೊರಟಾಗ ಅಥವಾ ಹೊಸ ವಿಮಾನ ಬಂದಾಗ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಹೀಗೆ ಬೆಳೆಯುವಾಗ ಹಿರಿಯರು ಉಳಿದರೂ ಕಿರಿಯರಿಗೆ ಬಡ್ತಿ ಸಿಗುತ್ತದೆ. ಹೊಸಬರಿಗೆ ಪಕ್ಕದಲ್ಲಿ ಕೂತು ಕಲಿಸುವ ಕ್ಯಾಪ್ಟನ್‌ಗಳೂ ಬೇಕು. ಬೆಳವಣಿಗೆ ನಿಂತ ದಿನ ಮಾತ್ರ ಅದೇ ನಿಯಮ ಕುತ್ತಿಗೆಗೆ ಬರುತ್ತದೆ. ಕಂಪನಿ ಆರಿಸುವಾಗ ಸಂಬಳದ ಜೊತೆ ಎರಡು ಸಂಗತಿ ಕೇಳಿ: ಮುಂದಿನ ಐದು ವರ್ಷದಲ್ಲಿ ಬರುವ ವಿಮಾನ ಎಷ್ಟು, ಮುಂದಿನ ಹತ್ತು ವರ್ಷದಲ್ಲಿ ನಿವೃತ್ತರಾಗುವವರು ಎಷ್ಟು. ಮತ್ತು ಕ್ಯಾಪ್ಟನ್ ಸಂಬಳ ಬರುತ್ತದೆಂದು ನಂಬಿ ಇಂದೇ ಸಾಲ ಮಾಡಬೇಡಿ.

8. ವಯಸ್ಸು ಏರಿಸಲೇಬೇಕೆಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಲಿ

ಅಮೆರಿಕದ ಸಾಮಾಜಿಕ ಭದ್ರತಾ ಪಿಂಚಣಿಯ ಪೂರ್ಣ ವಯಸ್ಸನ್ನು 65ರಿಂದ 67ಕ್ಕೆ ಏರಿಸುವ ಕಾಯಿದೆ 1983ರಲ್ಲಿ ಬಂತು. ಅದು ಎರಡು ವರ್ಷವನ್ನು ಒಮ್ಮೆಗೇ ಏರಿಸಲಿಲ್ಲ. ಹುಟ್ಟಿದ ವರ್ಷ ನೋಡಿ ಎರಡೆರಡು ತಿಂಗಳಂತೆ ಏರಿಸಿ, 1960ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆ ಮಾತ್ರ ಪೂರ್ತಿ 67 ಮಾಡಿತು. ಜನರಿಗೆ ಲೆಕ್ಕ ಹಾಕಿಕೊಳ್ಳಲು ಸಮಯ ಸಿಕ್ಕಿತು. ಪೈಲಟ್‌ಗಳಿಗೂ ಹಾಗೆಯೇ ಮಾಡಿದ್ದರೆ ನಿವೃತ್ತಿಗಳು ಪೂರ್ತಿ ನಿಲ್ಲದೆ ಸ್ವಲ್ಪ ನಿಧಾನವಾಗುತ್ತಿದ್ದವು ಅಷ್ಟೆ.

ಪೈಲಟ್‌ಗಳ ವಯಸ್ಸನ್ನು 67ಕ್ಕೆ ಏರಿಸಲು 2023ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆ ಒಪ್ಪಿತ್ತು. 2024ರ ಮೇ ತಿಂಗಳಲ್ಲಿ ಸಹಿಯಾದ ಕಾಯಿದೆಯಲ್ಲಿ ಅದು ಉಳಿಯಲಿಲ್ಲ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯ ಮಿತಿ 65 ಇರುವಾಗ ಅಮೆರಿಕ ಒಂದೇ ಏರಿಸಿದರೆ, 65 ದಾಟಿದ 777 ಕ್ಯಾಪ್ಟನ್ ಲಂಡನ್‌ಗೆ ಹಾರುವಂತಿಲ್ಲ. ಅವರು ದೇಶದೊಳಗೆ ಓಡಾಡುವ ಸಣ್ಣ ವಿಮಾನಕ್ಕೆ ಇಳಿಯಬೇಕು, ಅಲ್ಲಿದ್ದವರನ್ನು ಕೆಳಗೆ ತಳ್ಳಬೇಕು, ಎಲ್ಲರಿಗೂ ಮತ್ತೆ ತರಬೇತಿ ಕೊಡಬೇಕು. ಎರಡನೇ ಪಾಠದಲ್ಲಿ ಹೇಳಿದ ಸಾಲು ಆಗ ತಿರುಗುಮುರುಗಾಗಿ ಓಡುತ್ತದೆ.

9. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೊಂದು ತಾರೀಖಿದೆ

ಆ ಡಿಸೆಂಬರ್ ಸಂಜೆಯ ಕ್ಯಾಪ್ಟನ್ 2013ರ ಮಾರ್ಚ್‌ನಲ್ಲಿ ನಿವೃತ್ತರಾದರು. ಗೇಟಿನ ಬಳಿ ಅವರನ್ನು ಬೀಳ್ಕೊಡಲು ಹೋಗಿದ್ದೆ. ನನ್ನನ್ನು ನೋಡಿದೊಡನೆ ಅವರು ಕೇಳಿದ್ದು "ಕೆಲಸಕ್ಕೆ ವಾಪಸ್ ಕರೆದರಾ?" ಎಂದು. ಹೌದೆಂದಾಗ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದರು.

ಈಗ ನನ್ನ ಬಲಗಡೆ ಕೂರುವವರಿಗೆ ಮೂವತ್ತರ ಆಸುಪಾಸು. ಅವರ ಬಳಿಯೂ ಒಂದು ಪಟ್ಟಿ ಇದೆ, ನನ್ನ ಹೆಸರಿನ ಪಕ್ಕ ಗುರುತೂ ಇರುತ್ತದೆ. ಪೆನ್ಸಿಲ್ ಬದಲು ಫೋನಿನಲ್ಲಿ. 67 ಆದರೆ ಲಾಭ ನನಗೇ. ಹಾಗಿದ್ದೂ ಯೂನಿಯನ್ ಅಭಿಪ್ರಾಯ ಕೇಳಿದಾಗ ಬೇಡ ಎಂದೇ ಬರೆದೆ. ಹಾರುವ ಆಸೆ ತೀರಿದೆ ಎಂದಲ್ಲ. ಬೆಳಗಿನ ಜಾವ ಮೋಡದ ಮೇಲೆ ಬರುವ ಸೂರ್ಯನನ್ನು ಎಷ್ಟು ಸಲ ನೋಡಿದರೂ ಸಾಲದು. ಆದರೆ ರಬ್ಬರಿನ ಪುಡಿ ತುಂಬಿದ ಆ ಹಾಳೆಗಳು ನನಗೆ ಮರೆತಿಲ್ಲ. ನನ್ನ ಹೆಸರಿನ ಮುಂದಿನ ಗುರುತನ್ನು ಯಾರೂ ಅಳಿಸಬೇಕಾಗಿ ಬರಬಾರದು.