ಕೆಮಿಕಲ್ ಇಂಜಿನಿಯರ್‌ಗಳ ಸಂಘ ಏನು ಮಾಡುತ್ತೆ? ಮಸೂತಿಯಲ್ಲಿ ನಿಂತು ಒಂದು ಲೆಕ್ಕ

ಸ್ಟೂಡೆಂಟ್ ಚಾಪ್ಟರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಎರಡೇ: ಮೆಂಬರ್‌ಶಿಪ್ ಫೀ ಮತ್ತು ಸರ್ಟಿಫಿಕೇಟ್. ಫೋಟೋ ತೆಗೆಸಿಕೊಂಡು, ಸಮೋಸಾ ತಿಂದು, ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿಸಿದರೆ ಮುಗೀತು. ಆದರೆ ಇಂಥ ಸಂಘಗಳು ಹುಟ್ಟಿದ ಕಥೆ ಓದಿದರೆ, ಅದರ ಬುಡದಲ್ಲಿ ಸಿಗೋದು ಸರ್ಟಿಫಿಕೇಟ್ ಅಲ್ಲ, ಚಿಮಣಿ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಸೋಡಾ ತಯಾರಿಸುವ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಸಿಡ್ ಅನಿಲವನ್ನು ಸೀದಾ ಗಾಳಿಗೆ ಬಿಡುತ್ತಿದ್ದವು. ಸುತ್ತಲಿನ ಬೆಳೆ, ಗಿಡಮರ ಸುಟ್ಟುಹೋಗುತ್ತಿದ್ದವು. ಜನರ ಗಲಾಟೆ ಜಾಸ್ತಿಯಾಗಿ 1863ರಲ್ಲಿ ಆಲ್ಕಲಿ ಆಕ್ಟ್ ಬಂತು. ಆ ಅನಿಲದಲ್ಲಿ ಶೇ. 95ರಷ್ಟನ್ನಾದರೂ ಕಾರ್ಖಾನೆಯೊಳಗೇ ಹಿಡಿದಿಡಬೇಕು ಅಂತ ಅದರ ನಿಯಮ. ಇದನ್ನು ಪರೀಕ್ಷೆ ಮಾಡೋಕೆ ಇದ್ದ ಇನ್‌ಸ್ಪೆಕ್ಟರ್‌ಗಳಲ್ಲಿ ಒಬ್ಬ ಜಾರ್ಜ್ ಡೇವಿಸ್. ಕಾರ್ಖಾನೆಯಿಂದ ಕಾರ್ಖಾನೆಗೆ ಸುತ್ತುತ್ತಾ ಅವನಿಗೆ ಒಂದು ವಿಷಯ ಹೊಳೆಯಿತು. ತಯಾರಾಗುವ ವಸ್ತು ಬೇರೆ ಬೇರೆಯಾದರೂ ಒಳಗೆ ನಡೆಯುವ ಕೆಲಸ ಒಂದೇ: ಕಾಯಿಸೋದು, ಬಟ್ಟಿ ಇಳಿಸೋದು, ಸೋಸೋದು, ಒಣಗಿಸೋದು. 1880ರಲ್ಲಿ ಅವನು ಕೆಮಿಕಲ್ ಇಂಜಿನಿಯರ್‌ಗಳ ಸಂಘ ಕಟ್ಟಲು ಹೊರಟ. ಆ ಹೆಸರಿನಲ್ಲಿ ಸಂಘ ನಿಲ್ಲಲಿಲ್ಲ. 1887ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವನು ಕೊಟ್ಟ 12 ಉಪನ್ಯಾಸಗಳು ಮಾತ್ರ ನಿಂತವು. ಇವತ್ತು ನಾವು ಯೂನಿಟ್ ಆಪರೇಷನ್ಸ್ ಅಂತ ಓದೋದರ ಬೇರು ಅಲ್ಲಿದೆ. ಅಂದರೆ ಊರವರ ದೂರಿನಿಂದ ಹುಟ್ಟಿದ ಬ್ರಾಂಚ್ ನಮ್ಮದು! ಇದನ್ನು ಮೊದಲ ಸೆಮಿಸ್ಟರ್‌ನಲ್ಲೇ ಯಾಕೆ ಹೇಳಲ್ಲವೋ.

ಅಮೆರಿಕದ ಸಂಘ ಶುರುವಾಗಿದ್ದು 1908ರಲ್ಲಿ, ಬ್ರಿಟನ್ನಿನದು 1922ರಲ್ಲಿ. ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಇಂಜಿನಿಯರ್ಸ್ 1947ರಲ್ಲಿ ಹೀರಾಲಾಲ್ ರಾಯ್ ಅವರ ನೇತೃತ್ವದಲ್ಲಿ ಹುಟ್ಟಿತು. ಕೇಂದ್ರ ಕಚೇರಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ, ಕಾಲೇಜುಗಳಲ್ಲಿ ಸ್ಟೂಡೆಂಟ್ ಚಾಪ್ಟರ್‌ಗಳಿವೆ. ಪ್ರತಿ ಡಿಸೆಂಬರ್ ಕೊನೆಯಲ್ಲಿ ಕೆಮ್‌ಕಾನ್ ಅನ್ನೋ ದೊಡ್ಡ ಸಮ್ಮೇಳನ, ವಿದ್ಯಾರ್ಥಿಗಳಿಗೆ ಸ್ಕೆಮ್‌ಕಾನ್, ಒಂದು ಜರ್ನಲ್, ಉಪನ್ಯಾಸ, ಪ್ಲಾಂಟ್ ವಿಸಿಟ್. ಪಟ್ಟಿ ಇಷ್ಟು.

ಈ ಪಟ್ಟಿ ನೋಡಿದರೆ ಸಂಘದ ಬೆಲೆ ಗೊತ್ತಾಗಲ್ಲ. ಅದಕ್ಕೆ ಭೋಪಾಲ್ ನೋಡಬೇಕು. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಮರುವರ್ಷವೇ, 1985ರಲ್ಲಿ, ಅಮೆರಿಕದ ಸಂಘ ಪ್ರೋಸೆಸ್ ಸೇಫ್ಟಿಗೆ ಅಂತಲೇ ಒಂದು ಕೇಂದ್ರ ತೆರೆಯಿತು. ಪೈಪೋಟಿ ಮಾಡುವ ಕಂಪನಿಗಳ ಇಂಜಿನಿಯರ್‌ಗಳು ಒಂದೇ ಟೇಬಲ್ಲಿಗೆ ಕೂತು, ಅಪಾಯ ಹೇಗೆ ಗುರುತಿಸಬೇಕು ಅನ್ನೋದನ್ನು ಬರೆದಿಟ್ಟರು. ಕಂಪನಿಗೆ ಗುಟ್ಟು ಇರುತ್ತೆ, ಸರ್ಕಾರಕ್ಕೆ ಫೈಲು ಇರುತ್ತೆ. ಗುಟ್ಟು ಬಿಡದೆ ಪಾಠ ಹಂಚಿಕೊಳ್ಳೋಕೆ ಮೂರನೆಯ ಜಾಗ ಬೇಕು. ನನ್ನ ಪ್ರಕಾರ ಸಂಘದ ಅಸಲಿ ಕೆಲಸ ಅದೇ.

ಈಗ ಮಸೂತಿಗೆ ಬರೋಣ. ಬಸವನ ಬಾಗೇವಾಡಿ ಕಡೆಯ ಊರು, ನಮ್ಮ ಅಮ್ಮನ ತವರು. ಹತ್ತಿರವೇ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರ: 800 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 2,400. ಸೂಟಿಗೆ ಹೋದಾಗ ನಮ್ಮ ಮಾಮಾ ಕೇಳಿದರು, "ಏನವಾ, ಕೆಮಿಕಲ್ ಓದಾಕತ್ತೀಯಂತ. ದಿನಾ ಎಷ್ಟು ಕಲ್ಲಿದ್ದಲು ಉರಿತೈತಿ ಅಲ್ಲಿ? ಅದರ ಬೂದಿ ಎಲ್ಲಿ ಹೊಕ್ಕೈತಿ?" ಇದು ಪಕ್ಕಾ ಮೂರನೇ ಸೆಮಿಸ್ಟರ್‌ನ ಮೆಟೀರಿಯಲ್ ಬ್ಯಾಲೆನ್ಸ್ ಪ್ರಶ್ನೆ. ಪೆನ್ನು ತಗೊಳ್ಳಿ.

ಕೆಲವು ಅಂದಾಜು ಇಟ್ಟುಕೊಳ್ಳೋಣ, ಇವು ಆ ಸ್ಥಾವರದ ಅಳತೆಗಳಲ್ಲ, ಲೆಕ್ಕಕ್ಕೆ ಬೇಕಾದ ಅಂಕಿಗಳು. ಮೂರೂ ಘಟಕ ಪೂರ್ತಿ ಓಡುತ್ತಿವೆ, ದಕ್ಷತೆ ಶೇ. 40. ಹಾಗಾದರೆ ಸೆಕೆಂಡಿಗೆ 6,000 ಮೆಗಾಜೌಲ್ ಶಾಖ ಬೇಕು. ಒಂದು ಕೆಜಿ ಕಲ್ಲಿದ್ದಲು 4,000 ಕಿಲೋಕ್ಯಾಲರಿ, ಅಂದರೆ ಸುಮಾರು 16.75 ಮೆಗಾಜೌಲ್ ಕೊಡುತ್ತೆ ಅಂದುಕೊಂಡರೆ ಸೆಕೆಂಡಿಗೆ 358 ಕೆಜಿ. ದಿನಕ್ಕೆ ಸುಮಾರು 31,000 ಟನ್. ಗೂಡ್ಸ್ ರೈಲಿನ ಒಂದು ರೇಕ್ ಸುಮಾರು 4,000 ಟನ್ ಹೊತ್ತರೆ, ದಿನಕ್ಕೆ ಎಂಟು ರೈಲು!

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಶೇ. 35 ಹಿಡಿದರೆ ದಿನಕ್ಕೆ 10,850 ಟನ್. ಗಾಬರಿ ಬೇಡ, ಇದೆಲ್ಲ ಚಿಮಣಿಯಿಂದ ಹಾರಲ್ಲ. ಸ್ವಲ್ಪ ಭಾಗ ಬಾಯ್ಲರ್ ತಳಕ್ಕೆ ಬೀಳುತ್ತೆ. ಉಳಿದ ಹಾರುಬೂದಿಗೆ ಇಎಸ್‌ಪಿ ಯಂತ್ರದಲ್ಲಿ ವಿದ್ಯುತ್ ಚಾರ್ಜ್ ಕೊಟ್ಟು, ಪ್ಲೇಟ್‌ಗೆ ಅಂಟಿಸಿ, ಉದುರಿಸಿ ಹಿಡಿಯುತ್ತಾರೆ. ಒಳ್ಳೆಯ ಇಎಸ್‌ಪಿ ಶೇ. 99ಕ್ಕಿಂತ ಜಾಸ್ತಿ ಹಿಡಿಯುತ್ತೆ. ಹಾಗೆ ಹಿಡಿದ ಬೂದಿ ಪಿಪಿಸಿ ಸಿಮೆಂಟಿಗೆ ಹೋಗಬಹುದು. ಐಎಸ್ 1489 ಪ್ರಕಾರ ಆ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರಬಹುದು. ಮಾಮಾ ಕಟ್ಟಿಸಿದ ಹೊಸ ಮನೆಯಲ್ಲೂ ಪಿಪಿಸಿಯೇ ಇದೆ, ಚೀಲದ ಮೇಲೆ ಓದಿ ತೋರಿಸಿದೆ.

ಇಎಸ್‌ಪಿ ಹಿಡಿಯದೇ ಬಿಡೋದು ಅನಿಲವನ್ನು. ಗಂಧಕ ಶೇ. 0.5 ಅಂದುಕೊಳ್ಳಿ: ದಿನಕ್ಕೆ 155 ಟನ್. ಗಂಧಕದ ತೂಕ 32, ಸಲ್ಫರ್ ಡೈಆಕ್ಸೈಡ್‌ನದು 64, ಹಾಗಾಗಿ 310 ಟನ್ ಸಲ್ಫರ್ ಡೈಆಕ್ಸೈಡ್. ಇದನ್ನು ಹಿಡಿಯೋಕೆ ಎಫ್‌ಜಿಡಿ ಅನ್ನೋ ಘಟಕ ಬೇಕು. ಅದು ಡೇವಿಸ್ ಕಾಲದ ಅಬ್ಸಾರ್ಪ್ಶನ್ ಟವರ್‌ನ ಮರಿಮಗ ಅನ್ನಬಹುದು. ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಹೊಗೆಯ ಮೇಲೆ ಸಿಂಪಡಿಸಿ, ಗಾಳಿ ಊದಿದರೆ ಜಿಪ್ಸಮ್ ಸಿಗುತ್ತೆ. 310 ಟನ್ನನ್ನೂ ಹಿಡಿದರೆ ಒಳಗೆ ಹೋಗೋದು: ಸುಣ್ಣದಕಲ್ಲು 484, ಆಮ್ಲಜನಕ 78, ನೀರು 174. ಅನಿಲವನ್ನೂ ಸೇರಿಸಿ ಒಟ್ಟು 1,046. ಹೊರಗೆ ಬರೋದು: ಜಿಪ್ಸಮ್ 833, ಕಾರ್ಬನ್ ಡೈಆಕ್ಸೈಡ್ 213. ಕೂಡಿ ನೋಡಿ, 1,046. ಒಂದನ್ನು ಹಿಡಿಯೋಕೆ ಹೋಗಿ ಇನ್ನೊಂದನ್ನು 213 ಟನ್ ಬಿಟ್ಟೆವು ಅನ್ನೋದು ಗಮನಿಸಿದಿರಾ?

ಈ ಕಾರ್ಬನ್ ಡೈಆಕ್ಸೈಡ್, ನೀರು, ಖರ್ಚು ಮುಂದಿಟ್ಟುಕೊಂಡೇ ದೇಶದಲ್ಲಿ ದೊಡ್ಡ ವಾದ ನಡೆದಿದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಸಲ್ಫರ್ ಡೈಆಕ್ಸೈಡ್‌ಗೆ ಬಿಗಿ ಮಿತಿ ಹಾಕಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯ್ತು. 2025ರ ಜುಲೈನಲ್ಲಿ, ದೊಡ್ಡ ನಗರ ಮತ್ತು ಹೆಚ್ಚು ಮಾಲಿನ್ಯದ ಪ್ರದೇಶಗಳಿಂದ ದೂರ ಇರುವ ಬಹುಪಾಲು ಸ್ಥಾವರಗಳಿಗೆ, ಚಿಮಣಿ ಎತ್ತರದ ಷರತ್ತಿನ ಮೇಲೆ, ಆ ಮಿತಿಯಿಂದ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಅನ್ನೋದು ಒಂದು ಕಡೆಯವರ ವಾದ. ಆ ಅನಿಲ ಗಾಳಿಯಲ್ಲೇ ಸಣ್ಣ ಕಣವಾಗಿ ಬಹಳ ದೂರ ಹೋಗುತ್ತೆ ಅನ್ನೋದು ಇನ್ನೊಂದು ಕಡೆಯವರ ವಾದ. ನನಗೆ ಎರಡನೆಯದೇ ಗಟ್ಟಿ ಅನ್ನಿಸುತ್ತೆ, ಯಾಕಂದರೆ ಪ್ರಮಾಣ ಶೇ. 0.5 ಆದರೂ ಅದನ್ನು 31,000 ಟನ್ನಿಗೆ ಗುಣಿಸಬೇಕು. ನೀವು ಒಪ್ಪದಿದ್ದರೆ ಲೆಕ್ಕದ ಸಮೇತ ಬನ್ನಿ.

ಇಂಥ ವಾದ ನಡೆಯೋದು ಸೆಮಿನಾರ್ ಹಾಲ್‌ನಲ್ಲಿ, ಇಂಗ್ಲಿಷಿನಲ್ಲಿ. ಚಿಮಣಿಯ ಕೆಳಗೆ ಬಿಳಿಜೋಳ ಬೆಳೆಯುವವರು ಅಲ್ಲಿ ಇರಲ್ಲ. ಮಾಮಾಗೆ ಲೆಕ್ಕ ಹೇಳುವಾಗ ನನಗೆ ಕಷ್ಟ ಆಗಿದ್ದು ಗುಣಾಕಾರ ಅಲ್ಲ, ಮಾತು. ಪೂರ್ತಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು; ಅಬ್ಸಾರ್ಪ್ಶನ್‌ಗೆ ಕನ್ನಡ ಹುಡುಕಿ ಸೋತು "ಹೊಗಿಗೆ ಸುಣ್ಣದ ನೀರಿನ ಜಳಕ ಮಾಡಿಸೋದು" ಅಂದೆ. ತಕ್ಷಣ ತಿಳೀತು ಅವರಿಗೆ. "ಮತ್ತ ಆ ಜಳಕದ ನೀರು ಎಲ್ಲಿಂದ ತರ್ತಾರ?" ಅಂತ ಮುಂದಿನ ಪ್ರಶ್ನೆ ಅವರೇ ಕೇಳಿದರು. ಸ್ಥಾವರಕ್ಕೆ ನೀರು ಆಲಮಟ್ಟಿ ಜಲಾಶಯದ್ದು, ಕೃಷ್ಣೆಯದು. ಹೊಲಕ್ಕೆ ಬೇಕಾಗಿರೋದೂ ಅದೇ.

ಹಾಗಾಗಿ ಕೆಮಿಕಲ್ ವಿಭಾಗದ ಚಾಪ್ಟರ್‌ಗೂ ನಮ್ಮ ಕನ್ನಡ ಸಂಘಕ್ಕೂ ಸೇರಿಸಿ ಒಂದು ಬೇಡಿಕೆ. ಈ ವರ್ಷದ ಪ್ಲಾಂಟ್ ವಿಸಿಟ್‌ನಲ್ಲಿ ಅರ್ಧ ದಿನ ಗೇಟಿನ ಒಳಗೆ, ಅರ್ಧ ದಿನ ಪಕ್ಕದ ಊರಿನಲ್ಲಿ ಇರೋಣ. ಹೋಗುವ ಮೊದಲು ಮೇಲಿನ ಲೆಕ್ಕವನ್ನು ಎಲ್ಲರೂ ಒಮ್ಮೆ ಮಾಡಿ. ಸ್ಥಾವರದಲ್ಲಿ ದಕ್ಷತೆ, ಬೂದಿ, ಗಂಧಕದ ನಿಜವಾದ ಅಂಕಿ ಕೇಳಿ ಬರೆದುಕೊಂಡು, ನನ್ನ ಅಂದಾಜು ತಿದ್ದೋಣ. ಆಮೇಲೆ ಊರಿನ ಶಾಲೆಯ ಕಪ್ಪು ಹಲಗೆಯ ಮೇಲೆ ಅದೇ ಲೆಕ್ಕ, ಕನ್ನಡದಲ್ಲಿ. ಸಿವಿಲ್‌ನವರು ಬನ್ನಿ, ಹಾರುಬೂದಿ ಇಟ್ಟಿಗೆಯ ಬಗ್ಗೆ ಪ್ರಶ್ನೆ ಖಂಡಿತ ಬರುತ್ತೆ. ಕಂಪ್ಯೂಟರ್ ಸೈನ್ಸ್‌ನವರಿಗೂ ಬಸ್ಸಿನಲ್ಲಿ ಸೀಟ್ ಇದೆ, ಕಿಟಕಿ ಪಕ್ಕ ಮಾತ್ರ ನನ್ನದು.