ಅಂಗಳದ ಕಾಂಕ್ರೀಟ್ ಬಿರುಕು ಬಿಟ್ಟರೆ ಯಾರನ್ನು ಕೇಳಬೇಕು?

ಕಾನಹೊಸಹಳ್ಳಿಯಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಎಲ್ಲಿಗೆ ಹೋದರೂ ಹೊಸ ಮನೆಗಳ ಮುಂದೆ ಕಾಂಕ್ರೀಟ್ ಅಂಗಳ, ಗಾಡಿ ಹತ್ತಿಸಲು ಒಂದು ಇಳಿಜಾರು ಕಾಣುತ್ತದೆ. ಕೆಲಸ ಬಾಯಿಮಾತಿನಲ್ಲೇ ಕುದುರುತ್ತದೆ. ಇಷ್ಟು ಚದರ, ಚದರಕ್ಕೆ ಇಷ್ಟು, ಮುಂಗಡ ಇಷ್ಟು. ಕೆಲವೇ ತಿಂಗಳಲ್ಲಿ ಮೇಲ್ಪದರ ಪುಡಿಯಾಗಿ ಏಳುತ್ತದೆ, ಇಲ್ಲವೇ ಮಳೆನೀರು ಬಾಗಿಲ ಕಡೆಗೇ ಹರಿದು ಬರುತ್ತದೆ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಮನೆಯವರು ಪೊಲೀಸ್ ಠಾಣೆಗೆ ಹೋದರೆ ಇದು ಸಿವಿಲ್ ವ್ಯಾಜ್ಯ ಎನ್ನುತ್ತಾರೆ. ಆ ಮಾತು ಬಹುಮಟ್ಟಿಗೆ ಸರಿ. ಕೆಲಸ ಕೆಟ್ಟ ಮಾತ್ರಕ್ಕೆ ಅದು ವಂಚನೆಯ ಅಪರಾಧವಾಗದು. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬಲ್ಲವರಿಗೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ನೆರವಾಗುತ್ತದೆ. ಉಳಿದವರಿಗೆ ಇರುವ ದಾರಿ ಗ್ರಾಹಕ ಆಯೋಗದ್ದು.

ಮನೆ ಕಟ್ಟಿಕೊಡುವುದೂ ಒಂದು ಸೇವೆ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯಲ್ಲೂ ಗೃಹ ನಿರ್ಮಾಣ ಸೇರಿದೆ. ಆದರೆ ಎಲ್ಲ ಕೆಲಸಕ್ಕೂ ಇದು ಅನ್ವಯಿಸುವುದಿಲ್ಲ. ಗೌಂಡಿಗೆ ದಿನಗೂಲಿ ಕೊಟ್ಟು, ಎದುರು ನಿಂತು ನೀವೇ ಹೇಳಿ ಮಾಡಿಸಿದ ಕೆಲಸವನ್ನು ಕಾಯ್ದೆ ಹೊರಗಿಡುವ ‘ವೈಯಕ್ತಿಕ ಸೇವೆ’ ಎಂದು ಎದುರು ಪಕ್ಷ ವಾದಿಸಬಹುದು. ಚದರದ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದರೆ ನಿಮ್ಮ ಹಕ್ಕು ಗಟ್ಟಿ. ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್ ಸಮೇತ ಗುತ್ತಿಗೆಯಾದರೆ ಸಾಮಗ್ರಿಗೂ ಗುತ್ತಿಗೆದಾರನೇ ಹೊಣೆ. ಬರೀ ಲೇಬರ್ ಗುತ್ತಿಗೆಯಾಗಿ, ಸಾಮಗ್ರಿ ನೀವು ತಂದಿದ್ದರೆ ಅವನ ಹೊಣೆ ಕೈಕೆಲಸಕ್ಕೆ ಸೀಮಿತ. ಅದಕ್ಕೇ ಸಿಮೆಂಟಿನ ಬಿಲ್ಲು ಎಸೆಯಬಾರದು.

ನಮ್ಮ ಭಾಗದ ಜಗಳಗಳಲ್ಲಿ ಹೆಚ್ಚಾಗಿ ಕೇಳುವ ಮಾತು ನೀರಿನದು. ‘ನೀವು ಸರಿಯಾಗಿ ನೀರು ಹೊಡೆಯಲಿಲ್ಲ, ಅದಕ್ಕೇ ಸೀಳಿತು’ ಎನ್ನುತ್ತಾನೆ ಗುತ್ತಿಗೆದಾರ. ಅದರಲ್ಲಿ ಸತ್ಯ ಇರಲೂಬಹುದು. ಒಣ, ಬಿಸಿ ಹವೆಗೆ ತೆರೆದಿರುವ ಕಾಂಕ್ರೀಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕೆಂದು ಐಎಸ್ 456 ಎಂಬ ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೇಸಿಗೆಗೆ ಇದು ನೇರವಾಗಿ ಅನ್ವಯಿಸುವ ಮಾತು. ಎರೆಮಣ್ಣಿನ ನೆಲವಾದರೆ ಇನ್ನೊಂದು ತಕರಾರು. ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕೆಳಗೆ ಗರಸು ಹಾಕಿ ದಮ್ಮಸು ಮಾಡದಿದ್ದರೆ ಎಂಥ ಕಾಂಕ್ರೀಟೂ ನಿಲ್ಲದು. ದಮ್ಮಸು ಯಾರದು, ನೀರು ಯಾರದು ಎಂಬ ಎರಡು ಪ್ರಶ್ನೆಗೆ ಮೊದಲೇ ಬರಹದಲ್ಲಿ ಉತ್ತರವಿದ್ದರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬರಹ ದೊಡ್ಡದಾಗಬೇಕಿಲ್ಲ. ‘ಮನೆ ಮುಂದೆ 20 ಅಡಿ ಉದ್ದ, 10 ಅಡಿ ಅಗಲ, 5 ಇಂಚು ದಪ್ಪ, ಎಂ20 ಕಾಂಕ್ರೀಟ್, ಕೆಳಗೆ ಗರಸು ದಮ್ಮಸು ಗುತ್ತಿಗೆದಾರರದು, ನೀರಿನ ಇಳಿಜಾರು ರಸ್ತೆ ಕಡೆಗೆ, 10 ದಿನ ನೀರು ಹೊಡೆಯುವುದು ಮನೆಯವರದು, ಒಂದು ವರ್ಷದೊಳಗೆ ದೋಷ ಕಂಡರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.’ ಕೆಳಗೆ ದರ, ಕಂತು, ದಿನಾಂಕ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಇ-ಸ್ಟ್ಯಾಂಪ್ ಕಾಗದದಲ್ಲಿದ್ದರೆ ಇನ್ನೂ ಒಳ್ಳೆಯದು. ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ಸಿಂಧುವೇ. ಆದರೆ ಅದನ್ನು ರುಜುವಾತು ಮಾಡಲು ಫೋನ್‌ಪೇ ಪಾವತಿ, ವಾಟ್ಸಾಪ್ ಸಂದೇಶಗಳನ್ನು ಉಳಿಸಿಕೊಂಡಿರಬೇಕು.

ದೋಷ ಕಂಡಾಗ ಸಿಟ್ಟಿನಲ್ಲಿ ಒಡೆಸಬೇಡಿ. ಒಡೆದರೆ ನಿಮ್ಮ ಸಾಕ್ಷಿಯನ್ನೇ ಒಡೆದಂತೆ. ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಮತ್ತು ದುರಸ್ತಿಯ ಅಂದಾಜು ಪಡೆಯಿರಿ. ಬಳಿಕ ಗುತ್ತಿಗೆದಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಸರಿಪಡಿಸಲು 15 ದಿನ ಕೊಡಿ. ನೋಟಿಸ್ ಕಡ್ಡಾಯವಲ್ಲ, ಆದರೆ ಅವಕಾಶ ಕೊಟ್ಟಿದ್ದಿರಿ ಎಂಬುದಕ್ಕೆ ಅದೇ ಆಧಾರ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ದಾಖಲಿಸಿಕೊಳ್ಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ಅಂಗಳದ ಕೆಲಸಗಳು ಸಾಮಾನ್ಯವಾಗಿ ಇದರೊಳಗೇ ಬರುತ್ತವೆ. ಗುತ್ತಿಗೆದಾರ ಬೇರೆ ಜಿಲ್ಲೆಯವನಾದರೂ ನೀವು ವಾಸಿಸುವ ಕಡೆಯೇ ದೂರು ಕೊಡಬಹುದು. ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ದುರಸ್ತಿ, ಹಣ ವಾಪಸಾತಿ, ನಷ್ಟ ಪರಿಹಾರ ಯಾವುದನ್ನಾದರೂ ಕೇಳಬಹುದು. ಆದೇಶ ಪಾಲಿಸದ ಎದುರುದಾರನಿಗೆ 72ನೇ ಕಲಂ ಪ್ರಕಾರ ಜೈಲು ಅಥವಾ ದಂಡ ಬೀಳಬಹುದು.

ಗುತ್ತಿಗೆದಾರರಿಗೂ ಹಕ್ಕಿದೆ. ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತೆಂದು ಪೂರ್ತಿ ಬಾಕಿ ತಡೆಯುವುದು ಅನ್ಯಾಯ. ಅದರ ಹಿಂದೆ ಕೂಲಿಯವರ ಬಟವಾಡೆ ಇರುತ್ತದೆ. ಮುಗಿಸಿದ ಕೆಲಸದ ಹಣಕ್ಕಾಗಿ ಅವರು 3 ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು. ದುರಸ್ತಿಗೆ ತಗಲುವಷ್ಟನ್ನು ಮಾತ್ರ ಹಿಡಿದು ಉಳಿದದ್ದನ್ನು ಕೊಡುವುದು ಸರಿಯಾದ ನಡೆ.

ಕೋರ್ಟಿಗೆ ಹೋಗುವ ಮುನ್ನವೇ ರಾಜಿ ಆಗಬೇಕೆನ್ನುವ ಇಬ್ಬರೂ ಕೂಡ್ಲಿಗಿ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಲೋಕ ಅದಾಲತ್‌ನಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಗ್ರಾಹಕ ಆಯೋಗಕ್ಕೆ ಹೋಗುವವರು ಮಾತ್ರ ದಿನ ಲೆಕ್ಕ ಹಾಕಿಕೊಳ್ಳಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಅರ್ಜಿ ಸಲ್ಲಬೇಕು.