ನಮ್ಮೂರ ಹೆಸರು ಜಾಲಪುಟದಾಗ ಸರಿಯಾಗಿ ಮೂಡಬೇಕಾದರೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಹೆಸರು ನಮಗೆಲ್ಲ ಬಾಯಿಪಾಠ. ಬಸ್ಸಿನ ಬೋರ್ಡಿನ ಮ್ಯಾಲೆ ಅರ್ಧ ಅಕ್ಷರ ಕಂಡ್ರೂ ಸಾಕು, ಯಾವ ಊರಿನ ಬಸ್ಸು ಅಂತ ಹೇಳಿಬಿಡ್ತೇವಿ. ಆದರೆ ಗಣಕಯಂತ್ರಕ್ಕೆ ಹಂಗಲ್ಲ. ಅದಕ್ಕೆ ಅಕ್ಷರದ ಆಕಾರ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಈ ಗುಟ್ಟು ತಿಳಿಯದೆ ಜಾಲಪುಟ ಮಾಡಿದರೆ ನಮ್ಮ ಊರು ಹುಡುಕಿದರೂ ಸಿಗುವುದಿಲ್ಲ, ನಮ್ಮ ಹೆಸರು ಅರ್ಧಕ್ಕೆ ತುಂಡಾಗುತ್ತದೆ.

ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಹೊಲದ ಉತಾರ, ಪೇಟೆಯ ಧಾರಣೆ ಎಲ್ಲವನ್ನೂ ಈಗ ಮೊಬೈಲಿನಲ್ಲೇ ನೋಡುತ್ತಾರೆ. ಪುಟ ತಪ್ಪಾದರೆ ಅದನ್ನು ಮಾಡಿದವರಿಗೆ ಏನೂ ಆಗೂದಿಲ್ಲ, ತ್ರಾಸು ಆಗೂದು ಓದುವವರಿಗೆ. ಆದ್ದರಿಂದ ನಾಳೆ ಜಾಲಪುಟ ಮಾಡಲು ಕಲಿಯುವ ನಮ್ಮ ಹುಡುಗ ಹುಡುಗಿಯರಿಗಾಗಿ ಆರು ಉಪಯುಕ್ತ ಯುಕ್ತಿಗಳನ್ನು ಇಲ್ಲಿ ಕೊಟ್ಟಿದೆ.

ಸೂಚನೆ: ಕೋಡನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಗಣಕದಲ್ಲಿ ಆಜ್ಞೆಯ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಆದರೆ ಊರು, ಬೆಲೆ ಎಂದು ನಾವೇ ಇಡುವ ಹೆಸರುಗಳು ಕನ್ನಡದಲ್ಲಿದ್ದರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ!

ಮೊದಲು ಸ್ವಲ್ಪ ಇತಿಹಾಸ

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಯುರೋಪಿನ ಸರ್ನ್ ಸಂಸ್ಥೆಯಲ್ಲಿದ್ದಾಗ ಜಗತ್ತಿನ ಮೊದಲ ಜಾಲತಾಣ ಮಾಡಿದರು. 1991ರಲ್ಲಿ ಅದು ಹೊರಗಿನವರಿಗೂ ತೆರೆಯಿತು. ಅದೇ 1991ರಲ್ಲಿ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು: 3200ರಿಂದ 3327ರವರೆಗೆ 128 ಮನೆಗಳು. ಇ ಅಕ್ಷರದ ಮನೆ ಸಂಖ್ಯೆ 3207, ಕ ಅಕ್ಷರದ್ದು 3221.

ಆದರೂ ಬಹಳ ವರ್ಷ ಕನ್ನಡದ ಕೆಲಸ ಬೇರೆ ದಾರಿಯಲ್ಲೇ ನಡೆಯಿತು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿದ್ದರು. ಆ ಫಾಂಟು ಇದ್ದ ಗಣಕದಲ್ಲಿ ಮಾತ್ರ ಕನ್ನಡ, ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆರಡೂ ಆ ಕಾಲದಿಂದ ಬಂದವು. ಈಗ ಎರಡರಲ್ಲೂ ಯುನಿಕೋಡ್ ಇದೆ. ನುಡಿಯಲ್ಲಿರುವ ಕೀಲಿಮಣೆಯ ಕ್ರಮ ಕೆ.ಪಿ. ರಾವ್ ಅವರದು. ಹಳೆಯ ಫಾಂಟಿನಲ್ಲಿ ಬರೆದಿಟ್ಟ ಪಾಠವನ್ನು ಜಾಲಪುಟಕ್ಕೆ ಹಾಕುವ ಮುಂಚೆ ಯುನಿಕೋಡಿಗೆ ಪರಿವರ್ತಿಸಲೇಬೇಕು.

ಯುಕ್ತಿ 1: ತಲೆಯಲ್ಲೇ ಭಾಷೆ ಹೇಳಿರಿ

ಪುಟದ ಹೆಡ್ ಭಾಗದಲ್ಲಿ ಮೊದಲು ಬರೆಯುವುದು:
ಮೆಟಾ ಚಾರ್‌ಸೆಟ್ = "ಯುಟಿಎಫ್-8"
ಮೊಟ್ಟಮೊದಲ ಎಚ್‌ಟಿಎಂಎಲ್ ಗುರುತಿನೊಳಗೆ:
ಲ್ಯಾಂಗ್ = "ಕೆಎನ್"

ಮೊದಲನೆಯದು ಇಲ್ಲದಿದ್ದರೆ ಕನ್ನಡ ಕಲಸಿ ಹೋಗಬಹುದು. ಎರಡನೆಯದು ಇದ್ದರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಇದು ಕನ್ನಡ ಅಂತ ಗೊತ್ತಾಗುತ್ತದೆ. ಒಂದೇ ಪದ, ಆದರೆ ಉಪಕಾರ ದೊಡ್ಡದು.

ಯುಕ್ತಿ 2: ಸಣ್ಣ ಮೊಬೈಲಿಗೂ ಹೊಂದಿಸಿರಿ

ಮೆಟಾ ನೇಮ್ = "ವ್ಯೂಪೋರ್ಟ್" ಕಂಟೆಂಟ್ = "ವಿಡ್ತ್=ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್=1"

ಇದಿಲ್ಲದ ಪುಟ ಮೊಬೈಲಿನಲ್ಲಿ ಇರುವೆ ಸಾಲಿನಂತೆ ಸಣ್ಣಗೆ ಕಾಣುತ್ತದೆ. ಇನ್ನೊಂದು ಮಾತು: ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ನಮಗೆ ಇದೆ. ಮುದ್ದೇಬಿಹಾಳದ ದ ಒತ್ತು ಕೆಳಗಿನ ಸಾಲಿಗೆ ತಾಗಬಾರದು. ಆದ್ದರಿಂದ ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್: 1.7 ಎಂದು ಸಾಲುಗಳ ನಡುವೆ ಜಾಗ ಬಿಡಿರಿ. ನಾವು ಕಾಪಿ ಬರೆಯುವಾಗ ಸಾಲು ಬಿಡ್ತೇವಲ್ಲ, ಹಂಗೇ.

ಯುಕ್ತಿ 3: ಅಕ್ಷರ ಎಣಿಸುವಾಗ ಎಚ್ಚರ

ಊರು.ಲೆಂಗ್ತ್ ಎಂದು ಕೇಳಿದರೆ ಗಣಕ ಉದ್ದ ಹೇಳುತ್ತದೆ. ಆದರೆ ಕಾಗುಣಿತದ ಗುರುತು, ಸೊನ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ.

ಇಂಡಿ – ನಮ್ಮ ಕಣ್ಣಿಗೆ 2, ಗಣಕಕ್ಕೆ 4
ಸಿಂದಗಿ – ಕಣ್ಣಿಗೆ 3, ಗಣಕಕ್ಕೆ 6
ಮುದ್ದೇಬಿಹಾಳ – ಕಣ್ಣಿಗೆ 5, ಗಣಕಕ್ಕೆ 11
ಬಸವನ ಬಾಗೇವಾಡಿ – ಕಣ್ಣಿಗೆ 8, ಗಣಕಕ್ಕೆ ನಡುವಿನ ಜಾಗ ಸೇರಿ 13

ಈಗ ಯಾರೋ ಅರ್ಜಿಯ ಪುಟ ಮಾಡಿ, ಊರಿನ ಹೆಸರಿಗೆ ಹತ್ತು ಅಕ್ಷರ ಸಾಕು ಅಂತ ಮ್ಯಾಕ್ಸ್‌ಲೆಂಗ್ತ್ = "10" ಎಂದು ಹಾಕಿದರು ಅನ್ನೋಣ. ಆಗ ಏನಾಗ್ತದ? "ಮುದ್ದೇಬಿಹಾ" ಅಂತ ಬರೆದ ಮೇಲೆ ಕೊನೆಯ ಳ ಒಳಗೆ ಹೋಗುವುದೇ ಇಲ್ಲ. ಊರೇ ಹೀಗಾದರೆ ತಂದೆಯ ಹೆಸರು, ಅಡ್ಡಹೆಸರು ಸೇರಿಸಿ ಬರೆಯುವವರ ಗತಿ ಏನು? ಕನ್ನಡಕ್ಕೆ ಯಾವಾಗಲೂ ಧಾರಾಳವಾಗಿ ಜಾಗ ಇಡಿರಿ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಬೈಟಿನ ಲೆಕ್ಕದಲ್ಲಿ ಇಂಡಿ ಎಂದರೆ 12.

ಯುಕ್ತಿ 4: ಕಣ್ಣಿಗೆ ಒಂದೇ, ಗಣಕಕ್ಕೆ ಎರಡು

ಬಾಗೇವಾಡಿಯ "ಗೇ" ನೋಡಿರಿ. ಗ ಮತ್ತು ಏತ್ವದ ಒಂದೇ ಗುರುತು ಸೇರಿಸಿಯೂ ಬರೆಯಬಹುದು. ಗ, ಎತ್ವ, ಆಮೇಲೆ ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮ್ಯಾಲೆ ಎರಡೂ ಒಂದೇ. ಗಣಕದ ಲೆಕ್ಕದಲ್ಲಿ ಒಂದು ಬಾಗೇವಾಡಿ 8, ಇನ್ನೊಂದು ಬಾಗೇವಾಡಿ 9! ಹೋಲಿಸಿದರೆ "ಬೇರೆ ಬೇರೆ" ಎನ್ನುತ್ತದೆ. ಪಟ್ಟಿಯಲ್ಲಿ ಊರು ಇದ್ದರೂ "ಸಿಗಲಿಲ್ಲ" ಎನ್ನುತ್ತದೆ. ಪರಿಹಾರ ಒಂದೇ ಸಾಲು:

ಊರು = ಊರು.ನಾರ್ಮಲೈಝ್("ಎನ್‌ಎಫ್‌ಸಿ").ಟ್ರಿಮ್()

ನಾರ್ಮಲೈಝ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಟ್ರಿಮ್ ಹಿಂದೆ ಮುಂದೆ ಉಳಿದ ಖಾಲಿ ಜಾಗ ತೆಗೆಯುತ್ತದೆ. ಹುಡುಕುವ ಪದಕ್ಕೂ ಪಟ್ಟಿಯ ಪದಕ್ಕೂ ಎರಡಕ್ಕೂ ಇದನ್ನು ಮಾಡಬೇಕು. ಒಂದಕ್ಕೇ ಮಾಡಿದರೆ ಪ್ರಯೋಜನ ಇಲ್ಲ.

ನೆನಪಿಡಿರಿ: 2014ರ ನವೆಂಬರ್ 1ರಿಂದ ನಮ್ಮ ಜಿಲ್ಲೆಯ ಹೆಸರು ಬಿಜಾಪುರದ ಬದಲು ವಿಜಯಪುರ. ಇದನ್ನು ನಾರ್ಮಲೈಝ್ ಸರಿಮಾಡಲಾರದು. ಎರಡೂ ಹೆಸರು ಒಂದೇ ಜಿಲ್ಲೆಗೆ ಎಂದು ನಾವೇ ಪಟ್ಟಿಯಲ್ಲಿ ಬರೆದಿಡಬೇಕು.

ಯುಕ್ತಿ 5: ವರ್ಣಮಾಲೆಯ ಕ್ರಮ

ಬರೇ ಸಾರ್ಟ್() ಎಂದರೆ ಗಣಕ ಮನೆ ಸಂಖ್ಯೆ ನೋಡಿ ಜೋಡಿಸುತ್ತದೆ. ನಮ್ಮ ನಾಲ್ಕು ತಾಲೂಕು ಸರಿಯಾಗೇ ಬರುತ್ತವೆ: ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ. ಆದರೆ ಇದನ್ನು ನಂಬಿ ಕೂಡಬ್ಯಾಡ್ರಿ. ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯುನಿಕೋಡಿನಲ್ಲಿ ಳ ಇರುವುದು 3251ರಲ್ಲಿ, ಸ ಇರುವುದು 3256ರಲ್ಲಿ. ಹೀಗಾಗಿ ಗಣಕ "ಹಳ್ಳ" ಮೊದಲು, "ಹಸು" ಆಮೇಲೆ ಇಡುತ್ತದೆ. ನಿಘಂಟಿನಲ್ಲಿ ಹಸು ಮೊದಲು. ಆದ್ದರಿಂದ ಹೀಗೆ ಬರೆಯಿರಿ:

ಪಟ್ಟಿ.ಸಾರ್ಟ್((ಅ, ಆ) => ಅ.ಲೊಕೇಲ್‌ಕಂಪೇರ್(ಆ, "ಕೆಎನ್"))

ಇದು ಭಾಷೆಯ ನಿಯಮ ನೋಡಿ ಜೋಡಿಸುವ ಆಜ್ಞೆ. ಬರೆದ ಮೇಲೆ ಹಸು, ಹಳ್ಳ ಎರಡನ್ನೂ ಹಾಕಿ ಪರೀಕ್ಷಿಸಿ ನೋಡಿರಿ.

ಯುಕ್ತಿ 6: ಕನ್ನಡ ಅಂಕಿ ಕೂಡಿಸುವುದು

ರೈತರೊಬ್ಬರು ಲಿಂಬಿಹಣ್ಣಿನ ಬೆಲೆ ೪೫೦ ಎಂದು ಕನ್ನಡದಲ್ಲಿ ಹೊಡೆದರೆ, ನಂಬರ್(ಬೆಲೆ) ಎಂಬ ಆಜ್ಞೆ "ಇದು ಸಂಖ್ಯೆಯೇ ಅಲ್ಲ" ಎನ್ನುತ್ತದೆ. ರೈತರ ಲೆಕ್ಕ ಸರಿಯಾಗೇ ಇದೆ, ನಮ್ಮ ಪುಟ ಕಲಿಯಬೇಕು. ಕನ್ನಡ ೦ ಇರುವುದು 3302ರಲ್ಲಿ, ಇಂಗ್ಲಿಷ್ 0 ಇರುವುದು 48ರಲ್ಲಿ. 3302ರಲ್ಲಿ 48 ಕಳೆದರೆ 3254. ಹತ್ತೂ ಅಂಕಿಗೆ ಇದೇ ವ್ಯತ್ಯಾಸ:

ಬೆಲೆ.ರಿಪ್ಲೇಸ್(/[೦-೯]/ಜಿ, ಅಂ => ಸ್ಟ್ರಿಂಗ್.ಫ್ರಮ್‌ಚಾರ್‌ಕೋಡ್(ಅಂ.ಚಾರ್‌ಕೋಡ್‌ಆ್ಯಟ್(0) - 3254))

ತಾಳೆ ನೋಡೋಣ: ೪ ಇರುವುದು 3306ರಲ್ಲಿ. 3254 ಕಳೆದರೆ 52. ಇಂಗ್ಲಿಷ್ 4ರ ಮನೆ 52. ಲೆಕ್ಕ ಕೂಡಿತು! ಹೀಗೆ ಬದಲಿಸಿದ ಮೇಲೆ ನಂಬರ್ ಆಜ್ಞೆ ಕೊಟ್ಟು ಕೂಡಿಸಿರಿ.

ಮಾಡಿ ನೋಡಿರಿ

1. "ತಾಳಿಕೋಟೆ" ಗಣಕದ ಲೆಕ್ಕದಲ್ಲಿ ಎಷ್ಟು?
2. ಹಳ್ಳ, ಹಲಗೆ, ಹಸು – ನಿಘಂಟಿನ ಕ್ರಮ ಯಾವುದು? ಬರೇ ಸಾರ್ಟ್ ಕೊಡುವ ಕ್ರಮ ಯಾವುದು?
3. ೯ರ ಮನೆ 3311. ಇಂಗ್ಲಿಷ್ 9ರ ಮನೆ ಯಾವುದು?
4. ನಿಮ್ಮ ಹೆಸರು, ತಂದೆಯ ಹೆಸರು, ಊರು ಸೇರಿಸಿ ಗಣಕದಂತೆ ಎಣಿಸಿರಿ. ವರ್ಗದಲ್ಲಿ ಎಲ್ಲರಿಗಿಂತ ಉದ್ದದ ಹೆಸರು ಯಾರದು ನೋಡಿರಿ. ಅರ್ಜಿಯ ಪುಟ ಮಾಡುವಾಗ ಆ ಹೆಸರು ಹಿಡಿಸುವಷ್ಟಾದರೂ ಜಾಗ ಇರಬೇಕು.

ಉತ್ತರ: 1) 8. 2) ನಿಘಂಟು: ಹಲಗೆ, ಹಸು, ಹಳ್ಳ. ಬರೇ ಸಾರ್ಟ್: ಹಲಗೆ, ಹಳ್ಳ, ಹಸು. 3) 57. ನಾಲ್ಕನೆಯದಕ್ಕೆ ಉತ್ತರ ನಿಮ್ಮ ನಿಮ್ಮ ಪಾಟಿಯ ಮ್ಯಾಲೆ ಬರೆದು ಗುರುಗಳಿಗೆ ತೋರಿಸಿರಿ.